ಹನ್ನೆರಡು ಫೂಟಿನ ಹಲಗೆ

ಈಗ ಹೊಸದಾಗಿ ಕೆಲಸಕ್ಕೆ ಸೇರುವ ಟೀಚರುಗಳು ಕೆಲವರು ಮನೆಗೆ ಬರುತ್ತಾರೆ. ಚಾ ಕುಡಿಯುತ್ತಾ, "ಮೇಡಮ್, ನಿಮ್ಮ ಅನುಭವ ಏನಾದರೂ ಹೇಳಿ" ಎನ್ನುತ್ತಾರೆ. ಹೇಳಲು ಹೊರಟರೆ ನನಗೆ ಮೊದಲು ನೆನಪಾಗುವುದು ಅನುಭವವಲ್ಲ, ದಾದರಿನ ಸೇತುವೆ. ಅಂಧೇರಿಯ ಚಾಳಿನಿಂದ ಹೊರಟು, ದಾದರಿನಲ್ಲಿಳಿದು, ಆ ಸೇತುವೆಯ ಮೇಲೆ ಜನರ ನಡುವೆ ಹಿಸುಕಿಕೊಂಡು ಆಚೆಯ ಲೈನಿಗೆ ಹೋಗಿ, ಇನ್ನೊಂದು ಲೋಕಲ್ ಹಿಡಿದು ವಿಕ್ರೋಳಿಯಲ್ಲಿಳಿಯಬೇಕಿತ್ತು. ಶಾಲೆ ಮುಟ್ಟುವಾಗಲೇ ಅರ್ಧ ದಿನದ ಶಕ್ತಿ ಮುಗಿದಿರುತ್ತಿತ್ತು. ಮೂವತ್ತು ವರ್ಷಕ್ಕೆ ಹತ್ತಿರ ಹಾಗೆ ಹೋಗಿ ಬಂದೆ. ನಡುವೆ ಸೂಪರ್‌ವೈಸರ್ ಮಾಡಿದರು, ಇನ್ನೇನೋ ಮಾಡಿದರು. ಅದನ್ನೆಲ್ಲ ಬರೆದು ಯಾರಿಗೂ ಪ್ರಯೋಜನವಿಲ್ಲ. ಒಂದು ಪಾಠದ ವಿಷಯ ಮಾತ್ರ ಬರೆಯುತ್ತೇನೆ. ಬಲಗಳ ಭ್ರಾಮಕ ಮತ್ತು ಸಮತೋಲನ, ಅಂದರೆ ಹಲಗೆ ಯಾವ ಕಡೆಗೆ ವಾಲುತ್ತದೆ ಎಂಬ ಲೆಕ್ಕ. ಮಾಡಿದ್ದರಲ್ಲೆಲ್ಲ ನಾನು ಅತಿ ಕೆಟ್ಟದಾಗಿ ಮಾಡಿದ ಪಾಠ ಅದು.

ಅರವತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮದು ಶೀಟಿನ ಮಾಡಿನ ಕನ್ನಡ ಹೈಸ್ಕೂಲು. ನಾನು ಉಡುಪಿ ಕಡೆಯವಳು. ಮಕ್ಕಳಲ್ಲಿ ಹೆಚ್ಚಿನವರು ವಿಜಾಪುರ, ಕಲಬುರ್ಗಿ ಕಡೆಯವರು. ಅವರ ಅಪ್ಪಂದಿರು ಕಾರ್ಖಾನೆಯಲ್ಲೋ ಕಟ್ಟಡದ ಕೆಲಸದಲ್ಲೋ ಇದ್ದವರು. ನನ್ನ ಪುಸ್ತಕದ ಕನ್ನಡ ಕೇಳಿ ಮಕ್ಕಳು ಒಳಗೊಳಗೇ ನಗುತ್ತಿದ್ದರು. ಮೊದಲ ದಿನವೇ ಪಠ್ಯದಲ್ಲಿದ್ದ ಹಾಗೆ ಸೀ-ಸಾದ ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಅಕ್ಕೋರ, ಸೀ-ಸಾ ಅಂದ್ರೇನ್ರಿ?" ಎಂದ. ತರಗತಿಯಲ್ಲಿ ಅರವತ್ತು ಮಕ್ಕಳು. ಕೈ ಎತ್ತಿ ಎಂದರೆ ಸೀ-ಸಾ ಕಂಡವರು ಒಬ್ಬರೂ ಇರಲಿಲ್ಲ. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಮುಂದೆ ಹೋದೆ. ಅಲ್ಲಿಂದ ನೂರು ಹೆಜ್ಜೆ ದೂರದಲ್ಲಿ ಕೂಲಿಯವರು ಹಾರೆಯಿಂದ ಕಲ್ಲು ಮೀಟುತ್ತಿದ್ದರು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದಿತ್ತು ಎಂದು ಹೊಳೆಯಲೇ ಇಲ್ಲ.

ನಮ್ಮ ಪ್ರಯೋಗಶಾಲೆ ಎಂದರೆ ಒಂದು ಕಪಾಟು. ಅದರಲ್ಲಿ ಒಂದೇ ಮೀಟರ್ ಸ್ಕೇಲು. ಅದರ ಒಂದು ತುದಿ ಚಕ್ಕೆ ಎದ್ದು ಹೋಗಿತ್ತು, ಹಾಗಾಗಿ ನಡುವಿಗೆ ದಾರ ಕಟ್ಟಿ ತೂಗುಹಾಕಿದರೆ ವಾಲುತ್ತಿತ್ತು. ನಾನು ಹಗುರವಾದ ತುದಿಗೆ ಚೂರು ಮೇಣ ಹಚ್ಚಿ ಸಮ ಮಾಡಿಟ್ಟಿದ್ದೆ. ಒಮ್ಮೆ ಇನ್‌ಸ್ಪೆಕ್ಟರ್ ಬಂದವರು ಸ್ಕೇಲು ತಿರುಗಿಸಿ ನೋಡಿ ಉಗುರಿನಿಂದ ಮೇಣ ಕೆದಕಿದರು. ವಯಸ್ಸಾದ ಮರಾಠಿ ಮನುಷ್ಯ. ಸಿಟ್ಟು ಮಾಡಲಿಲ್ಲ. "ಸ್ಕೇಲಿಗೂ ತೂಕ ಇದೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸ್ಕೇಲು ಸಿಗುವುದಿಲ್ಲ. ನೀವು ಅದನ್ನೇ ಮುಚ್ಚಿಬಿಟ್ಟಿರಲ್ಲ" ಎಂದು ಮರಾಠಿಯಲ್ಲಿ ಹೇಳಿ ಹೋದರು. ನನಗೆ ಅವಮಾನವಾಯಿತು. ಕಲಿತದ್ದೇನೂ ಇಲ್ಲ. ಅವರು ಗೇಟು ದಾಟಿದ ಮೇಲೆ ಮತ್ತೆ ಮೇಣ ಹಚ್ಚಿದೆ.

ಆಮೇಲೆ ಪಠ್ಯ ಬದಲಾಯಿತು. ಪೌಂಡು, ಫೂಟು ಹೋಗಿ ಕಿಲೋ, ಮೀಟರು ಬಂತು. ಹನ್ನೊಂದನೆಯ ಇಯತ್ತೆಯ, ಅಂದರೆ ತರಗತಿಯ, ಎಸ್.ಎಸ್.ಸಿ. ಹೋಗಿ ಹತ್ತನೆಯದು ಬಂತು. ಪೋರ್ಷನ್ ಮುಗಿಸುವ ಅವಸರದಲ್ಲಿ ಪಾಠ ಹೋಗಿ ಲೆಕ್ಕ ಉಳಿಯಿತು. ಭಾರವನ್ನು ಆಧಾರದಿಂದ ಅದಕ್ಕಿರುವ ದೂರದಿಂದ ಗುಣಿಸಬೇಕು. ಆಚೆಯ ಗುಣಲಬ್ಧ ಈಚೆಯದಕ್ಕೆ ಸಮವಾದರೆ ಸಮತೋಲನ. ಪ್ರತಿ ಲೆಕ್ಕದ ಕೊನೆಯಲ್ಲೂ ಒಂದು ವಾಕ್ಯ ಇರುತ್ತಿತ್ತು: 'ಹಲಗೆಯ ಭಾರವನ್ನು ಪರಿಗಣಿಸಬೇಕಾಗಿಲ್ಲ.' ಮಕ್ಕಳು ಅದನ್ನು ಮಂತ್ರದ ಹಾಗೆ ಬರೆದುಕೊಳ್ಳುತ್ತಿದ್ದರು.

ಒಬ್ಬಳು ಮಾತ್ರ ಕೇಳಿದಳು. ನೀಲವ್ವ ಅಂತ, ಆಗ ಒಂಬತ್ತನೆಯ ಇಯತ್ತೆ. ಅಪ್ಪ ಭೀಮಪ್ಪ ಗಿಲಾವಿನ ಕೆಲಸದವನು, ಗೋಡೆಗೆ ಸಿಮೆಂಟು ಬಳಿಯುವವನು. ಅವ್ವ ಗಂಗವ್ವ ಅದೇ ಕಟ್ಟಡದಲ್ಲಿ ಸಿಮೆಂಟು, ಮರಳಿನ ಮಾಲು ಹೊರುವವಳು.

"ಹಲಗಿಗೆ ಭಾರ ಇಲ್ಲಂತ ಯಾಕ ಅನ್ಕೋಬೇಕ್ರಿ ಅಕ್ಕೋರ? ನಮ್ಮವ್ವ ದಿನಾ ಹೊರ್ತಾಳ್ರಿ. ಹೆಗಲು ಬಾತಿರತದ."

"ಪರೀಕ್ಷೆಯಲ್ಲಿ ಹಾಗೇ ಕೇಳುವುದು. ಕೂತ್ಕೊ" ಎಂದೆ.

ಹೀಗೆ ಒಂದೇ ಮಾತನ್ನು ನನಗೆ ಇಬ್ಬರು ಹೇಳಿದ್ದರು. ಇಬ್ಬರ ಮಾತನ್ನೂ ನಾನು ಕೇಳಲಿಲ್ಲ.

ಆ ವರ್ಷ ದೀಪಾವಳಿ ರಜೆ ಮುಗಿದ ಮೇಲೆ ನೀಲವ್ವ ಒಂದು ವಾರ ಬರಲಿಲ್ಲ. ಭೀಮಪ್ಪ ಎರಡನೆಯ ಮಾಳಿಗೆಯಿಂದ ಬಿದ್ದಿದ್ದಾನೆ ಎಂದು ಮಕ್ಕಳು ಹೇಳಿದರು. ಶಾಲೆ ಬಿಟ್ಟ ಮೇಲೆ ಗುಡ್ಡದ ಮೇಲಿನ ಅವರ ಝೋಪಡಿಗೆ ಹೋದೆ. ಗಂಗವ್ವ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ಸೊಂಟ ಮುರಿದಿದೆ, ಒಂದು ಕಾಲು ಜಜ್ಜಿದೆ, ಜೀವಕ್ಕೆ ಅಪಾಯವಿಲ್ಲ ಎಂದಳು. ಹೊರಗೋಡೆಗೆ ಗಿಲಾವು ಮಾಡಲು ಒಳಗಿನಿಂದ ಒಂದು ಹಲಗೆಯನ್ನು ಹೊರಕ್ಕೆ ಚಾಚಿದ್ದರಂತೆ. ಅದು ಮಗುಚಿ ಅವನು ಬಿದ್ದ. ಹಿಂದೆಯೇ ಹಲಗೆ ಬಂದು ಅವನ ಕಾಲ ಮೇಲೆ ಬಿತ್ತು.

"ಕಂತ್ರಾಟದಾರ ಏನಂತಾನೆ?" ಎಂದು ಕೇಳಿದೆ.

"ಕುಡದಿದ್ದ ಅಂತಾನ್ರಿ. ಕುಡೀತಾನ್ರಿ, ಸುಳ್ಳ್ಯಾಕ ಹೇಳ್ಲಿ. ಸಂಜೀಕ. ಮುಂಜಾನಿ ಕುಡದು ಹಲಗಿ ಮ್ಯಾಲ ಕಾಲಿಡಾಂವಲ್ಲ."

ಅವಳ ಕಣ್ಣು ನನ್ನ ಕಡೆಗೆ ಬರುತ್ತಿರಲಿಲ್ಲ. ದುಃಖ ಎಂದುಕೊಂಡೆ.

ಪರಿಹಾರದ ಕೇಸು ಹಾಕಿದರು. ವಿಚಾರಣೆಗೆ ಬರುವಾಗ ವರ್ಷ ದಾಟಿತ್ತು. ನೀಲವ್ವ ಹತ್ತನೆಯ ಇಯತ್ತೆಗೆ ಬಂದಿದ್ದಳು. ಭೀಮಪ್ಪ ಮನೆಯಲ್ಲೇ ಮಲಗಿದ್ದ, ಕಂಕುಳಿಗೆ ಕೋಲು ಕೊಟ್ಟರೆ ಬಾಗಿಲವರೆಗೆ ಬರುತ್ತಿದ್ದ. ಅವರ ವಕೀಲರು ಕಾಮತರು ಎಂದು, ಫೋರ್ಟಿನಲ್ಲಿ ಒಂದು ಸಣ್ಣ ಕೋಣೆಯಲ್ಲಿ ಕೂರುತ್ತಿದ್ದರು. ನೀಲವ್ವ ನನ್ನ ವಿಷಯ ಹೇಳಿರಬೇಕು. ಕಾಮತರು ನನ್ನನ್ನು ಕರೆಸಿ, "ಟೀಚರ್, ಒಳಗಿನ ತುದಿಯಲ್ಲಿ ಮರಳಿನ ಚೀಲ ಇಟ್ಟಿದ್ದೆವು, ಹಲಗೆ ಮಗುಚಲು ಸಾಧ್ಯವೇ ಇಲ್ಲ, ಇವ ಕುಡಿದು ಜಾರಿದ್ದು ಅಂತ ಅವರ ವಾದ. ಆ ಚೀಲ ಸಾಕಾಗ್ತಿರಲಿಲ್ಲ ಅಂತ ನೀವು ಲೆಕ್ಕ ಮಾಡಿ ತೋರಿಸ್ಲಿಕ್ಕೆ ಆಗ್ತದಾ?" ಎಂದರು.

ಅಳತೆಗಳು ಕಂತ್ರಾಟದಾರನ ಕಾಗದದಲ್ಲೇ ಇದ್ದವು. ಕಟ್ಟಡದವರು ಇನ್ನೂ ಫೂಟಿನಲ್ಲೇ ಇದ್ದರು. ಹನ್ನೆರಡು ಫೂಟಿನ ಹಲಗೆ. ಎಂಟು ಫೂಟು ಒಳಗೆ, ನಾಲ್ಕು ಹೊರಗೆ. ಒಳಗೆ, ಹಲಗೆಗೆ ಆಧಾರವಾದ ಮಾಳಿಗೆಯ ಅಂಚಿನಿಂದ ಏಳು ಫೂಟು ದೂರದಲ್ಲಿ ಮೂವತ್ತು ಕಿಲೋದ ಚೀಲ. ಹೊರಗೆ ಮೂರು ಫೂಟು ದೂರದಲ್ಲಿ ಭೀಮಪ್ಪ ಮತ್ತು ಅವನ ಮಾಲಿನ ಬುಟ್ಟಿ, ಒಟ್ಟು ಎಪ್ಪತ್ತಾರು ಕಿಲೋ. ನಾನು ಅಲ್ಲಿಯೇ ಗುಣಿಸಿದೆ. ಒಳಗೆ ಇನ್ನೂರ ಹತ್ತು, ಹೊರಗೆ ಇನ್ನೂರ ಇಪ್ಪತ್ತೆಂಟು. ಹೊರಗಿನದು ಹೆಚ್ಚು. ಚೀಲವಿದ್ದರೂ ಹಲಗೆ ಮಗುಚುತ್ತದೆ. ಕಾಮತರಿಗೆ ಖುಷಿಯಾಯಿತು. ನನಗೂ ಆಯಿತು. ನನ್ನ ಪಾಠ ಮೊದಲ ಬಾರಿಗೆ ಯಾರಿಗೋ ಉಪಯೋಗಕ್ಕೆ ಬಂತು ಎನಿಸಿತು.

ಹೆಡ್‌ಮಾಸ್ಟರ್ ದೇಸಾಯಿ ಸರ್ ಧಾರವಾಡದವರು. ರಜೆಯ ಅರ್ಜಿ ಹಿಡಿದು ಹೋದಾಗ ಬಾಗಿಲು ಮುಂದೆ ಮಾಡಿ, "ಟೀಚರ್ರ, ನಮ್ಮ ಹೊಸಾ ಖೋಲಿ ಕಟ್ಟಿಕೊಡಾಂವ ಅದ ಕಂತ್ರಾಟದಾರ. ಕಮಿಟಿಯವರ ಮನ್ಯಾಗ ಕೂಡಾಂವ. ನಿಮಗ್ಯಾಕ ಬೇಕಾಗಿತ್ರಿ ಇದು?" ಎಂದರು.

"ನಮ್ಮ ಹುಡುಗಿಯ ಅಪ್ಪ ಅಲ್ಲವಾ ಸರ್."

ಅವರು ಅರ್ಜಿಯಲ್ಲಿ ನಾನು ಬರೆದಿದ್ದ ಕಾರಣವನ್ನು ಹೊಡೆದುಹಾಕಿ, ಅದರ ಮೇಲೆ ತಮ್ಮ ಕೈಯಿಂದಲೇ 'ಹೊಟ್ಟೆನೋವು' ಎಂದು ಬರೆದು ಸಹಿ ಮಾಡಿದರು. ದೇಸಾಯಿ ಸರ್ ಅಂಜುಬುರುಕ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ವಿಚಾರಣೆಯ ದಿನ ನೀಲವ್ವ ಜೊತೆಗಿದ್ದಳು. ಗಂಗವ್ವ ಬರಲಿಲ್ಲ, ಗಂಡನ ಹತ್ತಿರ ಯಾರಾದರೂ ಇರಬೇಕು ಎಂದಳು. ನಾನು ನನ್ನ ಕಾಗದ ಓದಿ ಹೇಳಿದೆ. ಕಂತ್ರಾಟದಾರನ ಕಡೆಯ ಇಂಜಿನಿಯರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಕಾಗದ ಇಸಿದುಕೊಂಡು ಒಂದು ನಿಮಿಷ ನೋಡಿ, ನಗುತ್ತಾ, "ಮೇಡಮ್, ಆಪ್‌ಕಾ ಪಾಟಿಯಾ ಹವಾ ಕಾ ಹೈ ಕ್ಯಾ?" ಎಂದ. ನಿಮ್ಮ ಹಲಗೆ ಗಾಳಿಯದ್ದೇ ಎಂದು.

ಹಲಗೆಯ ಭಾರ ಇಪ್ಪತ್ತನಾಲ್ಕು ಕಿಲೋ. ಅದರ ನಡುಮಧ್ಯ ಅಂಚಿನಿಂದ ಎರಡು ಫೂಟು ಒಳಗೆ. ನಲವತ್ತೆಂಟು. ಅದನ್ನು ಚೀಲದ ಇನ್ನೂರ ಹತ್ತಕ್ಕೆ ಕೂಡಿಸಿ ಅವನು ಜಡ್ಜ್ ಸಾಹೇಬರಿಗೆ ತೋರಿಸಿದ. ಇನ್ನೂರ ಐವತ್ತೆಂಟು. ಒಳಗಿನದೇ ಹೆಚ್ಚು. ಹಲಗೆ ಮಗುಚುವುದಿಲ್ಲ. "ಇದು ಒಂಬತ್ತನೆಯ ಕ್ಲಾಸಿನ ಲೆಕ್ಕ" ಎಂದೂ ಸೇರಿಸಿದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಹಲಗೆ ಮಗುಚಲಿಲ್ಲವೆಂದ ಮೇಲೆ ಭೀಮಪ್ಪ ಕುಡಿದು ಜಾರಿದ್ದೇ ಸೈ. ನಾನು ಸಹಾಯ ಮಾಡಲು ಹೋಗಿ ಎದುರಿನವರ ವಾದವನ್ನು ಗಟ್ಟಿ ಮಾಡಿ ಕೊಟ್ಟಿದ್ದೆ. ಸಾಹೇಬರು ಮುಂದಿನ ತಾರೀಖು ಕೊಟ್ಟು ಎದ್ದರು.

ಕಾಮತರು ತಮ್ಮ ಕೋಣೆಗೆ ಹೋದರು. ನಾನು ನೀಲವ್ವನನ್ನು ಹತ್ತಿರದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದೆ. ಆಫೀಸಿನ ಗಿರಾಕಿಗಳ ಗದ್ದಲ. ಚಾ ಬಂತು, ಕುಡಿಯಲು ಆಗಲಿಲ್ಲ. "ನೀನು ಕೇಳಿದ್ದೆ ಮಾರಾಯ್ತಿ, ನಾನೇ ಕೂರಿಸಿದ್ದು" ಎಂದೆ. ಅವಳು ನೀರಿನಲ್ಲಿ ಬೆರಳು ಅದ್ದಿ ಮೇಜಿನ ಕಲ್ಲಿನ ಮೇಲೆ ಒಂದು ಗೆರೆ ಎಳೆದಳು. ಒಳಗಿನ ತುದಿಯಲ್ಲಿ ಒಂದು ಬೊಟ್ಟು ಇಟ್ಟಳು.

"ಅಕ್ಕೋರ, ಚೀಲ ಇದ್ರ ಹಲಗಿ ಮಗಚಂಗಿಲ್ಲ ಅಂದ್ರ ಅವ್ರು. ಹೌದಿಲ್ರಿ?"

"ಹೌದು."

"ಆದ್ರ ಹಲಗಿ ಬಿದ್ದೈತ್ರಿ. ನಮ್ಮಪ್ಪನ ಕಾಲು ಜಜ್ಜಿದ್ದ ಅದು. ಆಸ್ಪತ್ರಿ ಕಾಗದದಾಗೂ ಐತಿ, ಅವ್ರೂ ಇಲ್ಲ ಅನ್ನಂಗಿಲ್ಲ."

ನಾನು ಅವಳ ಮುಖ ನೋಡಿದೆ.

"ಅಂದ್ರ ಚೀಲಾನ ಇರಲಿಲ್ರಿ" ಎಂದು ಅವಳು ಆ ಬೊಟ್ಟನ್ನು ಅಂಗೈಯಿಂದ ಒರೆಸಿದಳು.

ಮೂವತ್ತು ವರ್ಷಕ್ಕೆ ಹತ್ತಿರದ ಮಾಸ್ತರಿಕೆಯಲ್ಲಿ ನನ್ನೆದುರಿಗೆ ಯಾರೂ ಅದಕ್ಕಿಂತ ಚೆನ್ನಾಗಿ ಒಂದು ಲೆಕ್ಕ ಬಿಡಿಸಿದ್ದು ನೆನಪಿಲ್ಲ. ನಾನು ಕೂಡಲೇ ಎದ್ದು ಕಾಮತರ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು, "ಒಳ್ಳೆಯದೇ. ಆದ್ರೆ ಅವರು ಕೇಳ್ತಾರೆ. ಬೀಳುವ ಮೊದಲು ಇವ ಎರಡು ಗಂಟೆ ಅದರ ಮೇಲೆ ಕೆಲಸ ಮಾಡಿದ್ದಾನೆ, ಚೀಲ ಇಲ್ಲದೆ ಹೇಗೆ ನಿಂತಿದ್ದ? ಆ ಹಲಗೆಯನ್ನು ಅಷ್ಟು ಹೊತ್ತು ಹಿಡಿದದ್ದು ಏನು?" ಎಂದರು.

ಅದೇ ಪ್ರಶ್ನೆ ಹೊತ್ತುಕೊಂಡು ಸಂಜೆ ನಾವಿಬ್ಬರೂ ಗುಡ್ಡ ಹತ್ತಿದೆವು. ಭೀಮಪ್ಪನಿಗೆ ನಿದ್ದೆ ಹತ್ತಿತ್ತು. ಗಂಗವ್ವ ಹೊರಗೆ ಕಲ್ಲಿನ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ನೀಲವ್ವ ನಡೆದದ್ದೆಲ್ಲ ಹೇಳಿ, ಕೊನೆಗೆ ಕಾಮತರು ಕೇಳಿದ್ದನ್ನು ಕೇಳಿದಳು. ಗಂಗವ್ವನ ಕೈ ಮೊರದಲ್ಲೇ ನಿಂತಿತು.

"ನಾ ನಿಂತಿದ್ದೆ" ಎಂದಳು.

ನಮಗೆ ಅರ್ಥವಾಗಲಿಲ್ಲ.

"ಒಳಗಿನ ತುದಿ ಮ್ಯಾಲ ನಾ ನಿಂತಿದ್ದೆ. ಚೀಲ ಎಲ್ಲಿದ್ವು? ದಿನಾ ಯಾರರ ಒಬ್ರು ಹೆಣ್ಮಕ್ಕಳನ್ನ ನಿಂದರಸ್ತಿದ್ರು. ಅವತ್ತ ನನ್ನ ನಿಂದರಸಿದ್ರು. ಮುಕಾದಮ ಕೆಳಗಿಂದ ಕೂಗಿದ, ಇಟ್ಟಂಗಿ ಬಂದಾವು, ಇಳಕೊಂಡ ಬಾ ಅಂತ. ಇವ್ರಿಗೆ ಹೇಳಬೇಕಂತ ಬಾಯಿ ತಗದೆ, ಅಂವ ಮತ್ತ ಕೂಗಿದ. ಇಳದೆ." ಮೊರವನ್ನು ಪಕ್ಕಕ್ಕಿಟ್ಟಳು. "ಗಂಡನ್ನ ನಾನ ಕೆಡವೀನಂತ ಯಾರ ಮುಂದ ಹೇಳ್ಲಿ?"

ಒಂದು ವರ್ಷಕ್ಕೂ ಹೆಚ್ಚು ಕಾಲ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನೀಲವ್ವ ಅಲ್ಲೇ ಕುಳಿತಳು. ಮನೆಗೆ ಹೋಗಬೇಕು, ದಾದರಿನಲ್ಲಿ ಗಾಡಿ ಬದಲಿಸಬೇಕು ಎಂದಷ್ಟೇ ನನ್ನ ತಲೆಯಲ್ಲಿ ಬಂದದ್ದು ನಿಜ. ಕೊನೆಗೆ, "ಗಂಗವ್ವಾ, ಇದನ್ನು ನೀನು ಸಾಹೇಬರ ಮುಂದೆ ಹೇಳಬೇಕಾಗ್ತದೆ. ಹೇಳದಿದ್ದರೆ ಅವನು ಕುಡುಕನಾಗಿ ಉಳೀತಾನೆ" ಎಂದೆ. ಹಾಗೆ ಹೇಳುವ ಹಕ್ಕು ನನಗಿತ್ತೇ ಎಂದು ಈಗಲೂ ಅನಿಸುತ್ತದೆ.

ಅವಳು ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತು, ನಮಗೆ ಹೇಳಿದಷ್ಟನ್ನೇ ಹೇಳಿದಳು. ಕಂತ್ರಾಟದಾರನ ವಕೀಲ, "ಹಾಗಾದರೆ ನಿನ್ನ ಗಂಡನನ್ನು ಬೀಳಿಸಿದ್ದು ನೀನೇ ಅಲ್ಲವೇ?" ಎಂದು ಕೇಳಿದ. ದುಭಾಷಿ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ.

"ಹೌದ್ರಿ. ಅವ್ರು ಇಳಿ ಅಂದ್ರು, ನಾ ಇಳದೆ."

ಸಾಹೇಬರು ಕೂಲಿಯವರ ಮೇಲ್ವಿಚಾರಣೆಯ ಆ ಮುಕಾದಮನನ್ನು ಕರೆಸಿದರು. ಚೀಲ ಎಲ್ಲಿಂದ ತಂದದ್ದು, ಯಾರು ತುಂಬಿದ್ದು, ಬಿದ್ದ ಮೇಲೆ ಅದು ಎಲ್ಲಿ ಹೋಯಿತು ಎಂದು ಒಂದೊಂದಾಗಿ ಕೇಳಿದರು. ಮೂರನೆಯ ಪ್ರಶ್ನೆಗೆ ಅವನು ಕಂತ್ರಾಟದಾರನ ಮುಖ ನೋಡಿದ. ಅಲ್ಲಿಗೆ ಆಯಿತು. ಆ ಇಂಜಿನಿಯರ್ ಹೊರಗೆ ಹೋಗುವಾಗ ನನ್ನ ಪಕ್ಕದಲ್ಲೇ ಹಾದು ಹೋದ. ತೀರ್ಪು ಮಳೆಗಾಲದಲ್ಲಿ ಬಂತು, ಭೀಮಪ್ಪನ ಪರವಾಗಿ.

ಆದರೆ ಗಂಗವ್ವ ಸಾಕ್ಷಿ ಹೇಳಿದ ಮಾರನೆಯ ದಿನದ ಮಾತು ಹೇಳಬೇಕು. ಗಂಡನಿಗೆ ಹೇಳಲು ಅವಳಿಗೆ ಧೈರ್ಯವಾಗದೆ ನನ್ನನ್ನು ಕರೆಸಿದ್ದಳು. ನಾನು ಮಂಚದ ಪಕ್ಕದಲ್ಲಿ ಡಬ್ಬದ ಮೇಲೆ ಕುಳಿತು, ಸುತ್ತಿ ಬಳಸಿ ವಿಷಯ ಎತ್ತಿದೆ. ಗಂಗವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಳು.

ಭೀಮಪ್ಪ ನನ್ನನ್ನು ತಡೆದ. "ಗೊತ್ತೈತ್ರಿ ಅಕ್ಕೋರ."

"ಯಾರು ಹೇಳಿದರು?"

"ಯಾರೂ ಹೇಳಿಲ್ರಿ. ಕಾಲಾಗ ಹಲಗಿ ಅಲ್ಲಾಡ್ತು, ಹೊಳ್ಳಿ ನೋಡಿದೆ. ಆಕಿ ಬೆನ್ನು ಕಾಣಸ್ತು. ವಕೀಲ್ರು ಮನಿಗೆ ಬಂದು ಕೇಳಿದಾಗ ಗೊತ್ತಿಲ್ಲ ಅಂದೆ. ಇಕಿ ಹೆಸರು ಹೇಳಿದ್ರ ಇಕಿನ್ನ ಸುಮ್ನ ಬಿಡತಿದ್ರೇನ್ರಿ? ನನ್ನ ಸೊಂಟ ಹೊಳ್ಳಿ ಬರತಿತ್ತೇನು?"

ರೊಟ್ಟಿ ಬಡಿಯುವ ಸದ್ದು ನಿಂತಿತು. ಗಂಗವ್ವ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸದ್ದು ಮತ್ತೆ ಶುರುವಾಯಿತು. ನನಗೆ ಒಂದು ರೊಟ್ಟಿ, ಪಲ್ಯ ಕೊಟ್ಟರು. ತಿಂದು ಬಂದೆ.

ಶಾಲೆಯಲ್ಲಿ ಆಗಬೇಕಾದ್ದು ಆಯಿತು. ಕಮಿಟಿಯವರಿಗೆ ತಿಳಿದು, ಜೂನಿನಿಂದ ನನ್ನನ್ನು ಹತ್ತನೆಯ ಇಯತ್ತೆಯಿಂದ ತೆಗೆದು ಐದನೆಯದಕ್ಕೆ ಆರೋಗ್ಯ ಪಾಠ ಮಾಡಲು ಹಾಕಿದರು. ಕೆಲಸದಿಂದಲೇ ತೆಗೆಯಬೇಕು ಎಂದು ಕೆಲವರು ಪಟ್ಟು ಹಿಡಿದಿದ್ದರಂತೆ. ಹೊಟ್ಟೆನೋವಿನ ಆ ಅರ್ಜಿಯನ್ನು ಮೇಜಿನ ಮೇಲಿಟ್ಟು, ಟೀಚರು ಆ ದಿನ ತಮ್ಮ ಅನುಮತಿಯಿಂದಲೇ ರಜೆಯಲ್ಲಿದ್ದರು ಎಂದು ದೇಸಾಯಿ ಸರ್ ಹೇಳಿದ್ದು ಅವರು ನಿವೃತ್ತರಾದ ಮೇಲೆ ನನಗೆ ತಿಳಿಯಿತು. ಎರಡು ವರ್ಷ ಕಳೆದು ಮತ್ತೆ ಮೇಲಿನ ತರಗತಿ ಕೊಟ್ಟರು. ಆಮೇಲೆ ಈ ಪಾಠ ಬಂದಾಗ ಬೋರ್ಡಿಗೆ ಹೋಗುವ ಮೊದಲು ಒಂದು ನಿಜವಾದ ಹಲಗೆ ತರಿಸುತ್ತಿದ್ದೆ. ಮಕ್ಕಳೇ ಅದನ್ನು ಎದುರಿನ ರದ್ದಿ ಅಂಗಡಿಗೆ ಹೊತ್ತುಕೊಂಡು ಹೋಗಿ ತೂಗಿಸಿ, ಅದರ ಭಾರವನ್ನು ಅದರ ಮೇಲೇ ಸೀಮೆಸುಣ್ಣದಿಂದ ಬರೆಯಬೇಕು. ಆಮೇಲೆ ಅಂಗಳದಲ್ಲಿ ಇಟ್ಟಿಗೆಯ ಮೇಲೆ ಇಟ್ಟು ನಿಂತು ನೋಡಬೇಕು. ಅದಕ್ಕೆ ಎರಡು ಪೀರಿಯಡ್ ಹೆಚ್ಚು ಬೇಕು, ಪೋರ್ಷನ್ ಹಿಂದೆ ಬೀಳುತ್ತದೆ, ಮೇಲಿನವರು ಗೊಣಗುತ್ತಾರೆ. ಹೊಸದಾಗಿ ಬರುವವರಿಗೆ ಹೇಳಲು ನನ್ನಲ್ಲಿರುವುದು ಇಷ್ಟೇ: ಗೊಣಗಲಿ.

ನೀಲವ್ವ ಆ ಮಾರ್ಚಿನಲ್ಲಿ ಪರೀಕ್ಷೆಗೆ ಕುಳಿತಳು. ಸೆಕೆಂಡ್ ಕ್ಲಾಸು ಬಂತು. ವಿಜ್ಞಾನದಲ್ಲಿ ಇನ್ನೂ ಹೆಚ್ಚು ಬರಬೇಕಿತ್ತು ಎಂದು ನನಗೆ ಅನಿಸಿತು. ಮಾರ್ಕ್‌ಶೀಟು ತೆಗೆದುಕೊಳ್ಳಲು ಬಂದ ದಿನ ವರಾಂಡದಲ್ಲಿ ನಿಲ್ಲಿಸಿ ಕೇಳಿದೆ. ಆ ವರ್ಷ ಹಲಗೆಯ ಲೆಕ್ಕ ಬಂದಿತ್ತು, ಹಲಗೆಯ ಭಾರವನ್ನೂ ಕೊಟ್ಟಿದ್ದರು. ಇಡೀ ಕೇಂದ್ರದಲ್ಲಿ ಅವಳಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಇರಲಿಲ್ಲ.

"ಅದನ್ನ ಬಿಟ್ಟೆರಿ ಅಕ್ಕೋರ" ಎಂದಳು.

"ಯಾಕೆ? ಬರಲಿಲ್ಲವಾ?"

"ಬರತಿತ್ರಿ. ಚಿತ್ರ ತಗದೆ. ಒಳಗಿನ ತುದಿಗೆ ಭಾರ ಅಂತ ಬಾಣ ಹಾಕಿದೆ." ಮಾರ್ಕ್‌ಶೀಟನ್ನು ಎರಡು ಸಲ ಮಡಚಿದಳು. "ಆ ಭಾರ ತಗದ್ರ ಏನಾಗತದ ಅಂತ ಕೇಳಿದ್ರು. ಅಲ್ಲಿಗೆ ಪೆನ್ನು ಇಟ್ಟೆ."